ಯೇಡಿಯಪ್ಪನನ್ನು ಹುಡುಕಿಕೊಂಡು

ಮಂಗಮ್ಮನ ಎಡಗಣ್ಣಿನ ಪೊರೆ ತೆಗೆಸಿ ಒಂದು ತಿಂಗಳಾಗಿತ್ತು. ಬಲಗಣ್ಣಿನದು ಹೋದ ವರ್ಷವೇ ಆಗಿತ್ತು. ಡಾಕ್ಟರು ಕಪ್ಪು ಕನ್ನಡಕ ಇನ್ನು ಬೇಡ ಎಂದ ದಿನ ಮನೆಗೆ ಬಂದವಳೇ ಜಗಲಿಯ ಮೇಲೆ ಕೂತು, ಬೀದಿಯಲ್ಲಿ ಹೋಗುವ ಕೋಳಿ, ಎದುರು ಮನೆಯ ಗೋಡೆಯ ಬಿರುಕು, ಸೊಸೆಯ ತಲೆಯಲ್ಲಿ ಇಣುಕಿದ ನಾಲ್ಕು ಬಿಳಿ ಕೂದಲು ಎಲ್ಲವನ್ನೂ ಒಂದೊಂದಾಗಿ ಹೆಸರಿಟ್ಟು ಹೇಳಿದಳು. ಸೊಸೆ ಮುನಿಲಕ್ಷ್ಮಿ ಖುಷಿಯಲ್ಲಿ ಬಾಯಿ ತಪ್ಪಿ ಒಂದು ಮಾತು ಕೇಳಿಬಿಟ್ಟಳು.

"ಎಲ್ಲಿಗಾನಾ ಓಗ್ಬರಣಾ ಅತ್ತೆ? ಏನ್ ನೋಡ್ಬೇಕು ಏಳಿ, ಕರ್ಕೊಂಡ್ ಓಯ್ತೀನಿ."

ಮೆಟ್ಟೂರಿನಲ್ಲಿರುವ ಮಗಳ ಮನೆ ಎನ್ನುತ್ತಾಳೆ, ಇಲ್ಲವೇ ಯಾವುದಾದರೂ ದೇವಸ್ಥಾನದ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದಳು. ಮಂಗಮ್ಮ ಯೋಚಿಸಲೂ ಇಲ್ಲ.

"ಯೇಡಿಯಪ್ಪನ್ನ ನೋಡ್ಬೇಕು," ಎಂದಳು.

ಮುನಿಲಕ್ಷ್ಮಿಯ ಕೈಯಲ್ಲಿದ್ದ ಮೊರ ಕೈಯಲ್ಲೇ ನಿಂತಿತು.

ಯೇಡಿಯಪ್ಪ ಎಂದರೆ ಒಂದು ಕಲ್ಲು. ತಮಿಳುನಾಡಿನಲ್ಲಿ, ಹರೂರು ರಸ್ತೆಗೆ ಹೊಂದಿಕೊಂಡಿದ್ದ ಅವರ ಮರಗೆಣಸಿನ ಹೊಲದ ಬದುವಿನಲ್ಲಿ, ಹುಣಸೆ ಮರದ ಕೆಳಗೆ, ಎದೆಮಟ್ಟಕ್ಕೆ ನಿಂತಿದ್ದ ಕಲ್ಲು. ಯಾರು ನಿಲ್ಲಿಸಿದರು, ಯಾವಾಗ ನಿಲ್ಲಿಸಿದರು ಎಂದು ಊರಿನಲ್ಲಿ ಹೇಳುವವರಿರಲಿಲ್ಲ. ತಲೆತಲಾಂತರದಿಂದ ಸುರಿದ ಎಣ್ಣೆ, ಬಳಿದ ಅರಿಸಿನ ಕುಂಕುಮ ಎಲ್ಲ ಸೇರಿ ಕರಿಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿ, ಒಳಗೆ ಏನು ಕೆತ್ತಿದೆ ಎನ್ನುವುದೇ ಕಾಣುತ್ತಿರಲಿಲ್ಲ. ಹದಿನಾರು ವರ್ಷಕ್ಕೆ ಮದುವೆಯಾಗಿ ಬಂದ ಮಂಗಮ್ಮನನ್ನು ಅವಳ ಅತ್ತೆ ಮೊದಲು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಅದರ ಮುಂದೆಯೇ. ಅಂದಿನಿಂದ ಪ್ರತಿ ಅಮಾವಾಸ್ಯೆ ಅವಳು ಅದಕ್ಕೆ ಎಣ್ಣೆ ಹಾಕಿದ್ದಳು. ಮಗ ಮಾದೇಶನಿಗೆ ಎಳೆಯದರಲ್ಲಿ ಜ್ವರ ತಲೆಗೇರಿದಾಗ ಅದರ ಬುಡದಲ್ಲೇ ಒಂದು ದಿನ ಇಡೀ ಕೂತಿದ್ದಳು. ಹೊಲದಲ್ಲಿ ಕಳೆ ಕೀಳುವಾಗ ಅದರ ಜೊತೆ ಮಾತಾಡುವುದೂ ಇತ್ತು. ಯಾರಾದರೂ ನೋಡಿದರೆ ಸುಮ್ಮನಾಗುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಆ ರಸ್ತೆಯನ್ನು ಅಗಲ ಮಾಡುವ ಕೆಲಸ ಶುರುವಾಯಿತು. ಅಳೆಯುವವರು ಬಂದು ಹುಣಸೆ ಮರಕ್ಕೆ ಕೆಂಪು ಬಣ್ಣದ ಗೀಟು ಹಾಕಿದರು. ಕಲ್ಲು ಮರದ ಬುಡದಲ್ಲೇ ಇತ್ತು. ಎರಡು ಮೈಲಿ ಆಚೆಯ ಹಳ್ಳಿಯಲ್ಲಿ ಅಂಥದೇ ಒಂದು ಕಲ್ಲು ರಾತ್ರೋರಾತ್ರಿ ಮಾಯವಾಗಿ, ಆಮೇಲೆ ಅದರ ಅರ್ಧ ತುಂಡು ಮೋರಿಯ ಕೆಳಗೆ ಸಿಕ್ಕಿತ್ತು. ಮುನಿಲಕ್ಷ್ಮಿ ಅದನ್ನು ಕಣ್ಣಾರೆ ನೋಡಿ ಬಂದಿದ್ದಳು. ಹೇಳಿದರೆ ಮಂಗಮ್ಮ ನಂಬಲಿಲ್ಲ.

"ಯೇಡಿಯಪ್ಪನ್ನ ಯಾರ್ ಮುಟ್ತಾರೆ? ಮುಟ್ದೋನು ಅಲ್ಲೇ ರಕ್ತ ಕಾರ್ತಾನೆ," ಎಂದಿದ್ದಳು. ಬೇರೆ ಕಡೆ ತೆಗೆದಿಡೋಣ ಎಂದ ಮಗನಿಗೂ ಬೈದಿದ್ದಳು.

ಮುನಿಲಕ್ಷ್ಮಿ ಅಂಗನವಾಡಿ ಟೀಚರು. ಆ ವರ್ಷ ಧರ್ಮಪುರಿಯಲ್ಲಿ ಮೂರು ದಿನದ ಟ್ರೈನಿಂಗ್ ಇತ್ತು. ಕೊನೆಯ ದಿನ ಮಧ್ಯಾಹ್ನ ಎಲ್ಲರನ್ನೂ ಸಾಲಾಗಿ ಮ್ಯೂಸಿಯಂಗೆ ಕರೆದುಕೊಂಡು ಹೋದರು. ಅಲ್ಲಿ ಅವಳು ಸಾಲುಸಾಲು ಕಲ್ಲುಗಳನ್ನು ಕಂಡಳು. ಬಿಲ್ಲು ಹಿಡಿದವರು, ಕತ್ತಿ ಎತ್ತಿದವರು, ಕಾಲ ಬಳಿ ದನ. ಎಲ್ಲವೂ ತಮ್ಮ ಹೊಲದ ಕಲ್ಲಿನದೇ ಅಳತೆ, ಅದೇ ಆಕಾರ. ಬಾಗಿಲ ಬಳಿ ಒಂದು ಬೋರ್ಡಿತ್ತು, ಇಂಥ ಕಲ್ಲು ಎಲ್ಲಾದರೂ ಕಂಡರೆ ತಿಳಿಸಿ ಎಂದು ಫೋನ್ ನಂಬರ್ ಬರೆದಿತ್ತು. ಅವಳು ಅದನ್ನು ಹಾಜರಿ ಪುಸ್ತಕದ ಹಿಂದೆ ಗುರುತು ಹಾಕಿಕೊಂಡಳು.

ಮಂಗಮ್ಮ ಮಗಳ ಬಾಣಂತನಕ್ಕೆಂದು ಮೆಟ್ಟೂರಿಗೆ ಹೋಗಿದ್ದ ವಾರವೇ ಜೆಸಿಬಿ ಊರ ಹೊರಗೆ ಬಂದು ನಿಂತಿತು. ಮುನಿಲಕ್ಷ್ಮಿ ಅಂಗನವಾಡಿಯ ಅಡುಗೆಕೋಣೆಯಲ್ಲಿ ನಿಂತು ಆ ನಂಬರಿಗೆ ಫೋನ್ ಮಾಡಿದಳು. ಗಂಡನಿಗೆ ಹೇಳಿದ್ದು ಆಮೇಲೆ. ನಾಲ್ಕನೇ ದಿನ ಒಂದು ಜೀಪು, ಹಿಂದೆ ಟ್ರ್ಯಾಕ್ಟರು, ಹಗ್ಗ, ಗೋಣಿಚೀಲ, ಏಳೆಂಟು ಜನ. ಕಲ್ಲನ್ನು ಮಗುವಿನ ಹಾಗೆ ಮಲಗಿಸಿ ಹುಲ್ಲು ಮುಚ್ಚಿ ತೆಗೆದುಕೊಂಡು ಹೋದರು. ಮಂಗಮ್ಮ ಬಂದು ನೋಡಿದಾಗ ಅಲ್ಲಿ ಮರವೂ ಇರಲಿಲ್ಲ, ಕಲ್ಲೂ ಇರಲಿಲ್ಲ.

"ಸರ್ಕಾರದವ್ರು ಮ್ಯೂಸಿಯಂಗೆ ತಗೊಂಡೋದ್ರು ಅತ್ತೆ," ಎಂದಳು ಮುನಿಲಕ್ಷ್ಮಿ. ಅದು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ.

"ಅವ್ರಿಗೆ ಯಾರ್ ಏಳಿದ್ದು? ಒಂದ್ ದೀಪ ಅಚ್ದೆ, ಒಂದ್ ಮಾತ್ ಏಳ್ದೆ ಕಳ್ಸಿದ್ರಲ್ಲ."

ಆ ಪ್ರಶ್ನೆಗೆ ಮುನಿಲಕ್ಷ್ಮಿ ಉತ್ತರ ಕೊಡಲಿಲ್ಲ. ಕೊಡದೇ ಇದ್ದುದರಿಂದ ಮಂಗಮ್ಮ ತಾನೇ ಉತ್ತರ ಹುಡುಕಿಕೊಂಡಳು. ಪಕ್ಕದ ಮನೆಯಲ್ಲಿದ್ದ ಮೈದುನ ನಾರಪ್ಪ ಹಿಂದೆ ಪಂಚಾಯತಿ ಮೆಂಬರಾಗಿದ್ದವನು, ಅಳೆಯುವವರಿಗೆ ಕಾಫಿ ಕೊಟ್ಟವನು. ಅವನದೇ ಕೆಲಸ ಎಂದು ತೀರ್ಮಾನವಾಯಿತು. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ನಡುವೆ ಇದ್ದದ್ದು ಒಂದು ಮೋಟುಗೋಡೆ. ಅದರ ಈಚೆಯಿಂದ ಅವನಿಗೆ ಕೇಳುವಂತೆ ಬೈಯುವುದು ಮಾತ್ರ ತಪ್ಪಲಿಲ್ಲ. ನಾರಪ್ಪ ಒಂದು ದಿನವೂ ಎದುರಾಡಲಿಲ್ಲ. ಅವನ ಮಗಳ ಮದುವೆಗೂ ಮಂಗಮ್ಮ ಹೋಗಲಿಲ್ಲ, ಹೊಟ್ಟೆನೋವು ಎಂದು ಮಲಗಿಬಿಟ್ಟಳು. ಆ ದಿನ ಮದುವೆ ಮನೆಯಲ್ಲಿ ಊಟಕ್ಕೆ ಕೂತ ಮುನಿಲಕ್ಷ್ಮಿ ಅರ್ಧಕ್ಕೇ ಎಲೆ ಮಡಚಿ ಎದ್ದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ವರ್ಷಗಳು ಉರುಳಿದವು. "ಈಗ ಬುಡು, ಯಾಕ್ ಕೆದಕ್ತೀಯ," ಎಂದು ಮಾದೇಶನೂ ಅನ್ನುತ್ತಿದ್ದ.

ಹೀಗಿರುವಾಗ ಈಗ ಅತ್ತೆ ಕಲ್ಲು ನೋಡಬೇಕು ಎನ್ನುತ್ತಾಳೆ. ಒಂಬತ್ತು ವರ್ಷದಲ್ಲಿ ಮುನಿಲಕ್ಷ್ಮಿಯೂ ಆ ಕಡೆ ತಲೆ ಹಾಕಿರಲಿಲ್ಲ. ಅದು ಎಲ್ಲೋ ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದರೆ? ಮುರಿದಿದ್ದರೆ? ಅಥವಾ ಅಲ್ಲಿ ಇಲ್ಲವೇ ಇಲ್ಲವೆಂದರೆ? ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮಾರ್ಗಳಿಯ, ಅಂದರೆ ಧನುರ್ಮಾಸದ, ಮೊದಲ ಶನಿವಾರ ಹೊರಟರು. ಬೆಳಗ್ಗೆ ಏಳಕ್ಕೂ ಮಂಜು ಬಿಟ್ಟಿರಲಿಲ್ಲ, ಬಸ್ಸು ಹೆಡ್‌ಲೈಟ್ ಹಾಕಿಕೊಂಡೇ ಬಂತು. ಮಂಗಮ್ಮ ಸೀರೆಯ ಮೇಲೆ ಮಗನ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಮಡಿಲಲ್ಲಿ ಒಂದು ಬಟ್ಟೆಚೀಲ ಇಟ್ಟುಕೊಂಡಿದ್ದಳು. ಅದರಲ್ಲಿ ಎಳ್ಳೆಣ್ಣೆಯ ಸೀಸೆ, ಅರಿಸಿನ, ಕುಂಕುಮ, ಕರ್ಪೂರ, ಎರಡು ಮೊಳ ಸೇವಂತಿಗೆ.

"ಅಲ್ಲಿ ಎಣ್ಣೆ ಆಕಕ್ ಬುಡ್ತಾರೋ ಇಲ್ವೋ ಅತ್ತೆ," ಎಂದಳು ಮುನಿಲಕ್ಷ್ಮಿ ಮೆಲ್ಲಗೆ.

"ಯಾಕ್ ಬುಡಲ್ಲ? ನಮ್ ದ್ಯಾವ್ರಿಗೆ ನಾವ್ ಆಕ್ತೀವಿ."

ಧರ್ಮಪುರಿ ಮ್ಯೂಸಿಯಂ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಗೇಟಿನ ಬಳಿ ನಿಂತಿದ್ದರು. ಎದುರಿನ ಅಂಗಡಿಯಲ್ಲಿ ಟೀ ಕುಡಿದರು. ಒಳಗೆ ಹೋದ ಮೇಲೆ ಮುನಿಲಕ್ಷ್ಮಿ ಅತ್ತೆಯ ಕೈ ಹಿಡಿದುಕೊಂಡೇ ಸಾಲಿನಿಂದ ಸಾಲಿಗೆ ನಡೆದಳು. ಅವಳು ಹುಡುಕುತ್ತಿದ್ದದ್ದು ಒಂದೇ ಗುರುತು. ಕಲ್ಲಿನ ಬಲಗಡೆಯ ಮೇಲಿನ ಮೂಲೆ ಒಡೆದಿತ್ತು. ಮಾದೇಶನ ಅಜ್ಜನ ಕಾಲದಲ್ಲಿ ಎತ್ತಿನಗಾಡಿಯ ಚಕ್ರ ತಾಗಿ ಹಾರಿಹೋದ ಚಕ್ಕೆ ಎಂದು ಹೇಳುತ್ತಿದ್ದರು. ಒಳಗಿನ ಹಾಲ್ ಮುಗಿಯಿತು, ಅಂಗಳದ ಕಲ್ಲುಗಳೂ ಮುಗಿದವು. ಅಂಥ ಮೂಲೆ ಎಲ್ಲಿಯೂ ಕಾಣಲಿಲ್ಲ. ಸಾಲಿನ ನಡುವೆ ಐದು ಕಟ್ಟೆ ಮಾತ್ರ ಬರಿದಾಗಿದ್ದವು. ಅವುಗಳ ಮೇಲೆ ಒಂದೊಂದು ನಂಬರ್ ಚೀಟಿ ಅಂಟಿಸಿತ್ತು.

ಮಂಗಮ್ಮ ಆ ಬರಿ ಕಟ್ಟೆಗಳನ್ನೇ ನೋಡುತ್ತ ನಿಂತಳು. "ಇಲ್ಲ ಅಲ್ವಾ," ಎಂದಳು.

ಮುನಿಲಕ್ಷ್ಮಿ ಅತ್ತೆಯ ಕೈ ಬಿಟ್ಟಳು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕೆಲಸದವರ ಹತ್ತಿರ ಹೋದಳು. ಅವರ ಹೆಸರು ಕುಪ್ಪುಸ್ವಾಮಿ, ನಿವೃತ್ತಿಗೆ ಹತ್ತಿರದ ವಯಸ್ಸು. ತಮಿಳಿನಲ್ಲಿ ಊರಿನ ಹೆಸರು, ತಂದ ವರ್ಷ, ಒಡೆದ ಮೂಲೆ ಎಲ್ಲ ಹೇಳಿದಳು. ಅವರು ಕನ್ನಡಕ ಏರಿಸಿಕೊಂಡು ದಪ್ಪ ರಿಜಿಸ್ಟರ್ ತೆಗೆದು ಬೆರಳಿಟ್ಟು ಹುಡುಕಿದರು. ಎಷ್ಟೋ ಹಾಳೆ ಮಗುಚಿದರು. ಮುನಿಲಕ್ಷ್ಮಿ ಅವರ ಬೆರಳನ್ನೇ ನೋಡುತ್ತಿದ್ದಳು.

"ಇದೋ," ಎಂದರು ಕೊನೆಗೆ. "ಸೇಲಂಗೆ ಹೋಗಿದೆಯಮ್ಮ. ಅಲ್ಲಿ ಎಕ್ಸಿಬಿಷನ್ ನಡೆಯುತ್ತಿದೆ. ಪೊಂಗಲ್ ಮುಗಿಯುವವರೆಗೂ ಅಲ್ಲೇ ಇರುತ್ತದೆ. ಇಲ್ಲಿಂದ ಆರಿಸಿ ಕಳಿಸಿದ್ದೇ ಐದು ಕಲ್ಲು, ಅದರಲ್ಲಿ ನಿಮ್ಮದೂ ಒಂದು."

ಮುನಿಲಕ್ಷ್ಮಿ ಅದನ್ನು ಕನ್ನಡದಲ್ಲಿ ಅತ್ತೆಗೆ ಹೇಳಿದಳು. ಆರಿಸಿದ್ದು ಎನ್ನುವ ಮಾತನ್ನು ಎರಡು ಸಲ ಹೇಳಿದಳು.

"ಇಲ್ಲಿಂದಾನೂ ಓಡ್ಸವ್ರೆ ಅನ್ನು," ಎಂದಳು ಮಂಗಮ್ಮ. "ನಡಿ, ಸೇಲಂಗೆ ಓಗಣ."

"ಇವತ್ತೇನಾ? ನಿಮ್ಗೆ ಸುಸ್ತಾಯ್ತದೆ."

"ಕಾಲ್ ನಂದು. ನಡಿ."

ಸೇಲಂ ಬಸ್ಸು ಹತ್ತಿದರು. ತೊಪ್ಪೂರು ಘಾಟಿಯಲ್ಲಿ ಲಾರಿಗಳು ಇರುವೆಯ ಹಾಗೆ ಒಂದರ ಹಿಂದೆ ಒಂದು ಇಳಿಯುತ್ತಿದ್ದವು, ಗುಡ್ಡದ ಮೇಲೆ ಇನ್ನೂ ಮಂಜಿತ್ತು. ಮಂಗಮ್ಮ ಕಿಟಕಿಗೆ ಮುಖ ಇಟ್ಟು ಗುಡ್ಡದ ಮೇಲಿನ ಒಂದೊಂದು ಮರವನ್ನೂ ನೋಡುತ್ತಿದ್ದಳು. ಮುನಿಲಕ್ಷ್ಮಿ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು. ಸಿಕ್ಕರೆ ಹೀಗೆ ಹೇಳಬೇಕು, ಸಿಗದಿದ್ದರೆ ಹಾಗೆ. ಎರಡೂ ಪೂರ್ತಿಯಾಗಲಿಲ್ಲ.

ಹೊಸ ಬಸ್ ನಿಲ್ದಾಣದಲ್ಲಿ ಇಳಿದು ಟೌನ್ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಆ ಕಟ್ಟಡಕ್ಕೆ ಬಂದಾಗ ಹನ್ನೆರಡೂವರೆ. ಹಳೆಯ ಎತ್ತರದ ಕಟ್ಟಡ, ಒಳಗೆ ಹೊರಗಿಗಿಂತ ಚಳಿ. ಕಲ್ಲುಗಳ ಹಾಲ್‌ಗೆ ಹೋಗಲು ಮೊದಲು ಚಿತ್ರಗಳ ಹಾಲ್ ದಾಟಬೇಕಿತ್ತು. ಕಾಲೇಜು ಹುಡುಗ ಹುಡುಗಿಯರು ಬರೆದ ಚಿತ್ರಗಳು ಗೋಡೆಯುದ್ದಕ್ಕೂ. ಮುನಿಲಕ್ಷ್ಮಿಗೆ ಬೇಗ ದಾಟಿ ಹೋಗುವ ಆತುರ. ಮಂಗಮ್ಮ ಒಂದೊಂದರ ಮುಂದೂ ನಿಂತಳು. ಏರ್ಕಾಡಿನ ಕಾಫಿ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸರ ಚಿತ್ರ ಒಂದಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಪಕ್ಕದಲ್ಲಿ ಬೇಲಿ ಮೇಯುವ ಆಡಿನ ಚಿತ್ರ.

"ಈ ಆಡು ಬೇಲಿಗ್ ಕಾಲ್ ಕೊಟ್ಟೈತಲ್ಲ, ಅದ್ರ ಇಂದ್ಗಡೆ ಕಾಲು ಇಂಗಿರಲ್ಲ. ಬರ್ದೋನು ಆಡ್ ಸಾಕಿಲ್ಲ," ಎಂದಳು.

ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ನಕ್ಕರು. ಮುನಿಲಕ್ಷ್ಮಿಗೂ ನಗು ಬಂತು. ಬೆಳಗಿನಿಂದ ಬಂದ ಮೊದಲ ನಗು ಅದು.

ಕಲ್ಲುಗಳ ಹಾಲ್‌ನಲ್ಲಿ ಬೆಳಕು ಕಡಿಮೆ. ಒಂದೊಂದು ಕಲ್ಲಿಗೂ ಮೇಲಿನಿಂದ ಒಂದೊಂದು ದೀಪ. ಇಪ್ಪತ್ತಕ್ಕೂ ಹೆಚ್ಚು ಕಲ್ಲುಗಳಿದ್ದವು, ಎರಡು ಸಾಲಿನಲ್ಲಿ ಎದುರುಬದುರಾಗಿ. ಮಂಗಮ್ಮ ಕರಿ ಬಣ್ಣದ, ಎಣ್ಣೆ ಹಿಡಿದ ಕಲ್ಲನ್ನು ಹುಡುಕುತ್ತ ಒಂದು ಸಾಲು ಪೂರ್ತಿ ನಡೆದು ಹೋದಳು. ಅಂಥದು ಒಂದೂ ಇರಲಿಲ್ಲ. ಎಲ್ಲವೂ ಬೂದು, ತೊಳೆದವು. ಮುನಿಲಕ್ಷ್ಮಿ ಅವಳ ಹಿಂದೆ ನಡೆಯುತ್ತಿದ್ದವಳು ನಾಲ್ಕನೆಯ ಕಲ್ಲಿನ ಮುಂದೆ ನಿಂತುಬಿಟ್ಟಳು. ಬಲಗಡೆಯ ಮೇಲಿನ ಮೂಲೆ ಒಡೆದಿತ್ತು.

"ಅತ್ತೆ," ಎಂದಳು. ಮಂಗಮ್ಮ ಮುಂದೆ ಹೋಗಿಬಿಟ್ಟಿದ್ದಳು. ಮತ್ತೆ ಕರೆದಳು. "ಅತ್ತೆ, ಇಲ್ಬನ್ನಿ."

ಮಂಗಮ್ಮ ಹಿಂದಿರುಗಿ ಬಂದು ನೋಡಿದಳು. ಮೊದಲು ಮೂಲೆ ನೋಡಿದಳು. ಆಮೇಲೆ ಕಣ್ಣು ಕೆಳಗೆ ಇಳಿಸಿದಳು. ಕಲ್ಲಿನಲ್ಲಿ ಒಬ್ಬ ನಿಂತಿದ್ದ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಮೊಳಕೈಗಿಂತ ಚಿಕ್ಕ ಕತ್ತಿ. ಕೂದಲನ್ನು ಪಕ್ಕಕ್ಕೆ ಗಂಟು ಕಟ್ಟಿದ್ದ. ಎದೆಗೆ ಎರಡು ಬಾಣ ನೆಟ್ಟಿದ್ದವು. ಕಾಲ ಬಳಿ ಮೂರು ಹಸು, ಒಂದರ ಕೆಳಗೆ ಕರು. ಮುಖ ದುಂಡಗೆ, ಮೀಸೆ ಇರಲಿಲ್ಲ, ಕೆನ್ನೆ ತುಂಬಿಕೊಂಡಿತ್ತು.

ಮುನಿಲಕ್ಷ್ಮಿ ಕಾದಳು. ಅರಿಸಿನ ತೊಳೆದುಬಿಟ್ಟಿದ್ದಾರೆ, ತಲೆತಲಾಂತರದ ಎಣ್ಣೆ ತೆಗೆದುಬಿಟ್ಟಿದ್ದಾರೆ, ಈಗ ಅತ್ತೆ ಇಲ್ಲೇ ಕೂತು ಅಳುತ್ತಾಳೋ ಬೈಯುತ್ತಾಳೋ ಎಂದು.

ಮಂಗಮ್ಮ ಮುಖವನ್ನು ಕಲ್ಲಿನ ಹತ್ತಿರಕ್ಕೆ ತಂದಳು.

"ಅಯ್ಯೋ, ಚಿಕ್ಕೋನು," ಎಂದಳು ಮೆಲ್ಲಗೆ. "ಹೈದ ಇವ್ನು. ಇನ್ನಾ ಮೀಸೆ ಬಂದಿಲ್ಲ. ಇವ್ನ ಮೊಕಾನೇ ನೋಡಿರ್ಲಿಲ್ಲ ಮುನೀ ನಾನು. ಅಪ್ಪಾ ಅಪ್ಪಾ ಅಂತ ಎಲ್ಲಾ ಇವ್ನ ತಲೆಗೇ ಕಟ್ದೆ. ಮಳೆ ಬರ್ಲಿ ಅಂತ ಕೇಳ್ದೆ, ಜ್ವರ ಓಗ್ಲಿ ಅಂತ ಕೇಳ್ದೆ. ಇಷ್ಟ್ ಚಿಕ್ ಹೈದನ್ನ."

ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಪರೇಷನ್ ಆದ ಕಣ್ಣು ಒರೆಸಬಾರದು ಎಂದು ಡಾಕ್ಟರು ಹೇಳಿದ್ದರಿಂದ ಸೆರಗಿನ ತುದಿಯನ್ನು ಕೆನ್ನೆಗೆ ಮಾತ್ರ ಒತ್ತಿಕೊಂಡಳು. ಆಮೇಲೆ ಚೀಲದಿಂದ ಎಣ್ಣೆಯ ಸೀಸೆ ತೆಗೆದಳು.

"ಪಾಟಿ, ಎಣ್ಣೆ ಬೇಡ," ಎಂದು ಅಜ್ಜಿಯನ್ನು ತಡೆಯುವ ಒಂದು ದನಿ ಕೇಳಿತು. ಹಾಲ್ ನೋಡಿಕೊಳ್ಳುವ ಹುಡುಗಿ, ಕೊರಳಲ್ಲಿ ಐಡಿ ಕಾರ್ಡು, ಹೆಸರು ಜಯಪ್ರಿಯಾ ಎಂದಿತ್ತು. ತಮಿಳಿನಲ್ಲಿ ಮೆತ್ತಗೆ ಮಾತಾಡಿದಳು. ಎಣ್ಣೆ ಹಾಕಿದರೆ ಕಲ್ಲು ಒಳಗಿನಿಂದ ಹಾಳಾಗುತ್ತದೆ, ಅದನ್ನು ತೆಗೆಯಲು ಮೂರು ತಿಂಗಳು ಹಿಡಿಯಿತು ಎಂದಳು. ಹೂವನ್ನು ಬೇಕಾದರೆ ಕಟ್ಟೆಯ ಕೆಳಗೆ ನೆಲದ ಮೇಲೆ ಇಡಬಹುದು ಎಂದಳು. ಮುನಿಲಕ್ಷ್ಮಿ ಅದು ತಮ್ಮ ಹೊಲದ ಕಲ್ಲು ಎಂದು ಹೇಳಿದ ಕೂಡಲೇ ಆ ಹುಡುಗಿಯ ಮುಖವೇ ಬದಲಾಯಿತು.

"ನೀವು ಮನೆಯಲ್ಲಿ ಕನ್ನಡ ಮಾತಾಡುತ್ತೀರಾ?" ಎಂದು ಕೇಳಿದಳು. "ಈ ಕಲ್ಲಿನ ತಲೆಯ ಮೇಲೆ ಬರೆದಿರುವುದು ಹಳೆಯ ಕನ್ನಡ. ಸಾವಿರ ವರ್ಷಕ್ಕೂ ಹಿಂದಿನದು. ನಮ್ಮ ಸಾರ್ ಅದನ್ನು ತಮಿಳು ಅಕ್ಷರದಲ್ಲಿ ಬರೆದುಕೊಟ್ಟಿದ್ದಾರೆ. ನಾನು ಓದುತ್ತೇನೆ, ನಿಮಗೆ ಗೊತ್ತಾಗುತ್ತದಾ ನೋಡಿ."

ಫೋನಿನಲ್ಲಿದ್ದ ಸಾಲನ್ನು ತಡವರಿಸುತ್ತ ಓದಿದಳು. ಹೆಸರು ಇದ್ದ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿತ್ತು, ಆದ್ದರಿಂದ ಹೆಸರಿರಲಿಲ್ಲ. ಉಳಿದದ್ದು ಇಷ್ಟೇ. "ತುರುವಂ ಮಗುಳ್ಚಿ ಸತ್ತಂ."

"ತುರು ಅಂದ್ರೆ ದನ," ಎಂದಳು ಮಂಗಮ್ಮ ತಟ್ಟನೆ. "ನಮ್ಮಪ್ಪ ತುರುಮಂದೆ ಅಂತಿದ್ರು. ಸತ್ತಂ ಅಂದ್ರೆ ಸತ್ತ. ದನ ಬುಡಿಸ್ಕೊಂಡ್ ಬರಕ್ ಓಗಿ ಸತ್ತ ಅಂತ. ಸರೀನಾ?"

ಮುನಿಲಕ್ಷ್ಮಿ ಅದನ್ನು ತಮಿಳಿಗೆ ತಿರುಗಿಸಿದಳು. ಸರಿ ಎಂದು ಜಯಪ್ರಿಯಾ ತಲೆಯಾಡಿಸಿದಳು. ಸಾರ್ ಅದನ್ನು ಪುಸ್ತಕ ನೋಡಿ ಹೇಳಿದ್ದರು, ಪಾಟಿ ಹಾಗೇ ಹೇಳಿಬಿಟ್ಟರು ಎಂದಳು. ಮಂಗಮ್ಮ ಸುತ್ತಲೂ ನೋಡಿದಳು. ಅಕ್ಕಪಕ್ಕದ ಕಲ್ಲುಗಳಲ್ಲಿ ಕತ್ತಿ ಹಿಡಿದವರು, ಹುಲಿಗೆ ಎದುರು ನಿಂತವರು, ಕುದುರೆ ಏರಿದವನೊಬ್ಬ.

"ನಮ್ ಒಲ್ದಲ್ಲಿ ಒಬ್ನೇ ನಿಂತಿದ್ದ," ಎಂದಳು. "ಇಲ್ಲಿ ಜೊತೆ ಐತೆ. ಮಳೆ ಗಾಳಿ ಇಲ್ಲ. ಒಳ್ಳೇ ಜಾಗದಲ್ಲೇ ಇಟ್ಟವ್ರೆ."

ಆ ಮಾತು ಕೇಳಿದ ಮೇಲೆ ಮುನಿಲಕ್ಷ್ಮಿಯ ಭುಜ ತಾನಾಗಿ ಇಳಿಯಿತು. ಬೆಳಗಿನಿಂದ ಬಟ್ಟೆಯ ಗಂಟು ಹಿಡಿದ ಹಾಗೆ ಬಿಗಿದುಕೊಂಡಿದ್ದಳು ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಇಷ್ಟಕ್ಕೇ ಮುಗಿದಿದ್ದರೆ ಇಬ್ಬರೂ ಸಂತೋಷವಾಗಿ ಊರಿಗೆ ಹೋಗುತ್ತಿದ್ದರು. ಆದರೆ ಕಟ್ಟೆಯ ಮೇಲೆ ಒಂದು ಕಾರ್ಡು ಇತ್ತು, ಮಂಗಮ್ಮನ ಹೊಸ ಕಣ್ಣು ಅದನ್ನೂ ಬಿಡಲಿಲ್ಲ.

"ಇಲ್ಲೇನೋ ಬರ್ದವ್ರೆ. ಓದು."

ಮಂಗಮ್ಮನಿಗೆ ಯಾವ ಅಕ್ಷರವೂ ಬರುವುದಿಲ್ಲ. ಮುನಿಲಕ್ಷ್ಮಿ ಬಗ್ಗಿ ಓದಿದಳು. ವೀರಗಲ್ಲು. ಕಾಲ ಇಷ್ಟು. ಎತ್ತರ ಇಷ್ಟು. ಸಿಕ್ಕ ಊರು, ತಾಲೂಕು. ಕೊನೆಯ ಸಾಲನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ಮಾಹಿತಿ ಕೊಟ್ಟವರು, ಮುನಿಲಕ್ಷ್ಮಿ, ಅಂಗನವಾಡಿ ಶಿಕ್ಷಕಿ.

ಜಯಪ್ರಿಯಾ ಆಚೆ ಬೇರೆಯವರ ಹತ್ತಿರ ಹೋಗಿದ್ದಳು. ಓದದೇ ಇದ್ದರೆ ಕೇಳುವವರು ಯಾರೂ ಇಲ್ಲ. ಸಿಕ್ಕ ಊರು, ತಾಲೂಕು, ಅಷ್ಟೇ ಅತ್ತೆ ಎಂದುಬಿಟ್ಟರೆ ಮುಗಿಯಿತು. ಮುನಿಲಕ್ಷ್ಮಿ ಬಗ್ಗಿದ್ದವಳು ಬಗ್ಗಿಯೇ ಇದ್ದಳು.

"ಆಮೇಲೆ?" ಎಂದಳು ಮಂಗಮ್ಮ. "ಇನ್ನೊಂದ್ ಗೀಟ್ ಐತೆ ನೋಡು ಕೆಳ್ಗೆ."

"ಅದು," ಎಂದಳು ಮುನಿಲಕ್ಷ್ಮಿ. "ಅದು ಯಾರ್ ಏಳಿದ್ದು ಅಂತ ಬರ್ದವ್ರೆ ಅತ್ತೆ. ಕಲ್ಲು ನಮ್ ಒಲ್ದಲ್ಲೈತೆ ಅಂತ ಅವ್ರಿಗೆ ಯಾರ್ ಏಳಿದ್ರು ಅಂತ. ನನ್ ಎಸ್ರು ಐತೆ."

ಮಂಗಮ್ಮ ಅವಳನ್ನೇ ನೋಡಿದಳು.

"ನಾನೇ ಫೋನ್ ಮಾಡಿದ್ದು. ನೀವು ಮೆಟ್ಟೂರಿಗ್ ಓದಾಗ. ಜೆಸಿಬಿ ಬಂದ್ಬುಟ್ಟಿತ್ತು. ನೀವ್ ಬರ ತಂಕ ಇದ್ರೆ ಒಡೆದಾಕ್ತಾರೆ ಅಂತ ಭಯ ಆಯ್ತು."

"ನಾರಪ್ಪ ಅಲ್ವಾ?"

"ಅಲ್ಲ. ಚಿಕ್ಕಮಾವಂಗೆ ಏನೂ ಗೊತ್ತಿಲ್ಲ."

ಗೋಡೆಯ ಪಕ್ಕ ಒಂದು ಮರದ ಬೆಂಚು ಇತ್ತು. ಮಂಗಮ್ಮ ಹೋಗಿ ಅದರ ಮೇಲೆ ಕೂತಳು. ಮುನಿಲಕ್ಷ್ಮಿ ನಿಂತೇ ಇದ್ದಳು. ಶಾಲೆಯ ಮಕ್ಕಳ ಒಂದು ಸಾಲು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಹಾಲ್‌ನೊಳಗೆ ಬಂದು ಹೊರಗೆ ಹೋಯಿತು.

"ಕಲ್ ತಗ್ಸಿದ್ದು ಬುಡು," ಎಂದಳು ಮಂಗಮ್ಮ ಕೊನೆಗೆ. "ಕಣ್ಣಾರೆ ನೋಡ್ದೆ, ನೀನ್ ಮಾಡಿದ್ದು ಸರೀನೇ. ನಾನಾಗಿದ್ರೆ ಅದ್ನ ಒಡಿಯಕ್ ಬುಡ್ತಿದ್ದೆ. ಆದ್ರೆ ಅವ್ನ ಮಗ್ಳು ಮದ್ವೆಗ್ ಓಗ್ಲಿಲ್ಲ ನಾನು. ಆ ಮಗೀನ ಎತ್ತಿ ಬೆಳ್ಸಿದ್ದು ನಾನು. ಅದ್ಕಾನಾ ನೀನ್ ಬಾಯ್ ಬುಡ್ಬೇಕಾಗಿತ್ತು."

"ಬುಡ್ಬೇಕಾಗಿತ್ತು," ಎಂದಳು ಮುನಿಲಕ್ಷ್ಮಿ. ಈಗ ಅವಳು ಅಳುತ್ತಿದ್ದಳು. "ನೀವ್ ಮನೆ ಬುಟ್ ಓಯ್ತೀರ ಅನ್ಕೊಂಡೆ. ಆಮೇಲ್ ಆಮೇಲ್ ಏಳಕ್ ಬಾಯೇ ಬರ್ಲಿಲ್ಲ."

"ಎಲ್ಲಿಗ್ ಓಯ್ತೀನಿ, ಈ ವಯಸ್ಸಲ್ಲಿ." ಮಂಗಮ್ಮ ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟಳು. "ಕೂತ್ಕೊ. ಅಳ್ಬೇಡ, ಜನ ನೋಡ್ತಾರೆ. ಅವ್ನಿಗ್ ಫೋನ್ ಆಕು."

"ಈಗ್ಲಾ?"

"ಮನೇಗ್ ಓದ್ರೆ ನಂಗೆ ಮಾತ್ ಬರಲ್ಲ. ಈಗ್ಲೇ ಆಕು."

ಹಾಲ್‌ನಲ್ಲಿ ಫೋನ್ ಮಾತಾಡಬಾರದು ಎಂದು ಬೋರ್ಡಿತ್ತು. ಇಬ್ಬರೂ ಹೊರಗೆ ವರಾಂಡಕ್ಕೆ ಬಂದರು. ಬಿಸಿಲು ಬಂದಿತ್ತು, ಚಳಿಗಾಲದ ಬಿಸಿಲು, ಬೆನ್ನಿಗೆ ಹಿತವಾಗಿತ್ತು. ಮುನಿಲಕ್ಷ್ಮಿ ನಂಬರ್ ಒತ್ತಿ ಸ್ಪೀಕರ್ ಹಾಕಿ ಅತ್ತೆಯ ಕೈಗೆ ಕೊಟ್ಟಳು. ನಾರಪ್ಪ ಎತ್ತಿದ.

"ನಾರಪ್ಪಾ, ನಾನು," ಎಂದಳು ಮಂಗಮ್ಮ.

"ಅತ್ತಿಗೆ? ಯಾರ್ಗಾನಾ ಮೈ ಸರಿ ಇಲ್ವಾ?"

"ಎಲ್ರೂ ಸರಿಯಾಗವ್ರೆ. ಸೇಲಂನಲ್ಲಿವ್ನಿ. ಯೇಡಿಯಪ್ಪ ಇಲ್ಲವ್ನೆ, ಚೆನ್ನಾಗವ್ನೆ. ಮ್ಯೂಸಿಯಂನೋರಿಗೆ ಏಳಿದ್ದು ನೀನಲ್ಲವಂತೆ. ಮುನಿಯಂತೆ. ಈಗ್ ಗೊತ್ತಾಯ್ತು."

ನಾರಪ್ಪ ಕೆಮ್ಮಿದ. ಆಮೇಲೆ ನಗುವ ಸದ್ದು ಕೇಳಿತು.

"ನಂಗೆ ಅವತ್ತೇ ಗೊತ್ತಿತ್ತು ಅತ್ತಿಗೆ. ಆ ಜೀಪ್‌ನೋರೇ ಏಳಿದ್ರು, ನಿಮ್ಮೂರ್ ಅಂಗನವಾಡಿ ಟೀಚರ್ ಫೋನ್ ಮಾಡಿದ್ರು ಅಂತ."

ಮುನಿಲಕ್ಷ್ಮಿ ಕಂಬಕ್ಕೆ ಒರಗಿ ನಿಂತಿದ್ದವಳು ನೆಟ್ಟಗಾದಳು.

"ಗೊತ್ತಿದ್ದೂ ಬೈಸ್ಕೊಂಡ್ಯಾ? ಒಂಬತ್ ವರ್ಷ?" ಎಂದಳು ಮಂಗಮ್ಮ.

"ಒಂದ್ ಮನೇಲಿ ಅತ್ತೆ ಸೊಸೆ ಮಾತ್ ಬುಟ್ರೆ ಒಲೆ ಅತ್ತಲ್ಲ. ನಂಗಾದ್ರೆ ಮಧ್ಯದಲ್ಲಿ ಗೋಡೆ ಐತೆ. ಬೈದ್ರೆ ಬೈಲಿ ಅಂತ ಸುಮ್ನಿದ್ದೆ."

"ನೀನ್ ಒಳ್ಳೇ ಮನ್ಸ ಆಗಕ್ಕೆ ನಾನೇ ಸಿಕ್ಕಿದ್ನಾ?" ಎಂದು ಮಂಗಮ್ಮ ರೇಗಿದಳು. ರೇಗುತ್ತಲೇ ದನಿ ಒಡೆಯಿತು. "ಮಗ್ಳು ಎಲ್ಲವ್ಳೆ ಈಗ?"

"ಅರೂರ್‌ನಲ್ಲೇ. ಪೊಂಗಲ್‌ಗೆ ಬತ್ತಾಳೆ. ಎಲ್ಡು ಮಕ್ಳು."

"ಬಂದ್ರೆ ಮೊದ್ಲು ನಮ್ಮನೇಗ್ ಕಳ್ಸು. ಇಲ್ದಿದ್ರೆ ನಾನೇ ಬತ್ತೀನಿ. ಸರಿ ಮಡುಗು, ದುಡ್ ಓಯ್ತದೆ."

ಈಗಿನ ಫೋನಿನಲ್ಲಿ ಹಾಗೆ ದುಡ್ಡು ಹೋಗುವುದಿಲ್ಲ ಎಂದು ಮುನಿಲಕ್ಷ್ಮಿ ಹೇಳಲಿಲ್ಲ. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗೆ, ಹಗುರವಾಗಿ, ತುಸು ತಲೆ ಸುತ್ತುವ ಹಾಗೆ ಇತ್ತು. ಹೊಟ್ಟೆ ಹಸಿದಿರುವುದೂ ಆಗಲೇ ಗೊತ್ತಾಯಿತು. ಬೆಳಗಿನಿಂದ ಒಂದು ಟೀ ಬಿಟ್ಟರೆ ಏನೂ ತಿಂದಿರಲಿಲ್ಲ.

ಗೇಟಿನ ಹೊರಗೆ ತಟ್ಟುವಡೆ ಸೆಟ್ಟಿನ ತಳ್ಳುಗಾಡಿ ನಿಂತಿತ್ತು. ನಿಪ್ಪಟ್ಟಿನಂಥ ಎರಡು ಗರಿಗರಿ ತಟ್ಟುವಡೆಯ ನಡುವೆ ತುರಿದ ಬೀಟ್‌ರೂಟು, ಕ್ಯಾರೆಟ್ಟು, ಖಾರದ ಚಟ್ನಿ ಇಟ್ಟು ಗಾಡಿಯವನು ಕೈಗೆ ಕೊಟ್ಟ. ಮಂಗಮ್ಮನಿಗೆ ಹಲ್ಲು ಕಡಿಮೆ. ನೆನೆದ ಮೇಲೆ ತಿನ್ನುತ್ತೇನೆ ಎಂದು ಹಿಡಿದುಕೊಂಡು ನಿಂತಳು. ಮುನಿಲಕ್ಷ್ಮಿ ನಾಲ್ಕು ಸೆಟ್ಟು ತಿಂದಳು. ಖಾರಕ್ಕೆ ಕಣ್ಣಲ್ಲೂ ಮೂಗಲ್ಲೂ ನೀರು ಬಂದರೂ ನಿಲ್ಲಿಸಲಿಲ್ಲ.

"ಇನ್ನಾ ಒಳ್ಗೆ ಮೇಲ್ಗಡೆ ಒಂದ್ ರೂಮ್ ಐತಂತೆ," ಎಂದಳು ಮಂಗಮ್ಮ. "ಆ ಉಡ್ಗಿ ಏಳ್ತಿದ್ಲು. ಅಳೇ ಕಾಲದ್ ಒಡ್ವೆ, ಕಾಸು, ಎಲ್ಲಾ ಗಾಜಿನ್ ಪೆಟ್ಟಿಗೇಲಿ ಇಟ್ಟವ್ರಂತೆ. ನೋಡ್ಕೊಂಡ್ ಓಗಣ."

"ಬಸ್ಸು ತಪ್ಪೋಯ್ತದೆ ಅತ್ತೆ."

"ಇನ್ನೊಂದ್ ಬತ್ತದೆ."

ಮೇಲಿನ ಕೋಣೆಯಲ್ಲಿ ಅವರು ಒಂದು ಗಂಟೆ ಕಳೆದರು. ಮಂಗಮ್ಮ ಗಾಜಿಗೆ ಮೂಗು ತಾಗಿಸಿ ಕಾಲುಂಗುರ, ಸಾಸಿವೆಯಷ್ಟು ಚಿಕ್ಕ ಮಣಿಗಳ ಸರ, ತಾಮ್ರದ ಕಾಸು ಎಲ್ಲ ನೋಡಿದಳು. ಇದನ್ನು ತೊಟ್ಟವಳ ಕಾಲು ಎಷ್ಟು ಸಣ್ಣ ಎಂದಳು. ಮುನಿಲಕ್ಷ್ಮಿ ಹೂಂ ಎನ್ನುತ್ತ ಹಿಂದೆ ಹಿಂದೆ ನಡೆದಳು. ಅವಳಿಗೆ ಏನನ್ನೂ ನೋಡುವ ಆತುರವಿರಲಿಲ್ಲ, ಎಲ್ಲಿಗೂ ಹೋಗುವ ಆತುರವೂ ಇರಲಿಲ್ಲ.

ಸಂಜೆ ನಾಲ್ಕರ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಸ್ಸು ಊರ ಹೊರಗೆ ಬಂದು ಗಾಳಿ ತಣ್ಣಗಾಗುವಷ್ಟರಲ್ಲಿ ಮುನಿಲಕ್ಷ್ಮಿಗೆ ರೆಪ್ಪೆ ಭಾರವಾಯಿತು. ಎರಡು ಸಲ ತಲೆ ಕಿಟಕಿಗೆ ಬಡಿಯಿತು. ಮೂರನೆಯ ಸಲ ಮಂಗಮ್ಮ ಅದನ್ನು ಎಳೆದು ತನ್ನ ಭುಜಕ್ಕೆ ಒರಗಿಸಿಕೊಂಡಳು. ಕಂಡಕ್ಟರ್ ಬಂದು ಟಿಕೆಟ್ ಟಿಕೆಟ್ ಎಂದು ಗಟ್ಟಿಯಾಗಿ ಕೂಗಿದಾಗ ಅವನ ಕಡೆ ಕೈ ಎತ್ತಿ ಮೆಲ್ಲಗೆ ಎಂದು ಸನ್ನೆ ಮಾಡಿದಳು.

"ರೆಂಡು ಧರ್ಮಪುರಿ ಕುಡುಪ್ಪಾ," ಎಂದು ತನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ ಎರಡು ಟಿಕೆಟ್ ಕೇಳಿ, ಸೊಸೆಯ ಕೈಚೀಲದಿಂದ ತಾನೇ ದುಡ್ಡು ತೆಗೆದು ಕೊಟ್ಟಳು. "ಮರುಮಗಳ್ ತೂಂಗುರಾ."

ಸೊಸೆ ಮಲಗಿದ್ದಾಳೆ ಎಂದದ್ದು ಮುನಿಲಕ್ಷ್ಮಿಗೆ ಕೇಳಿಸಿತು. ಕಣ್ಣು ತೆರೆಯಲಿಲ್ಲ. ತೊಪ್ಪೂರು ದಾಟಿದ್ದು ಅವಳಿಗೆ ತಿಳಿಯಲಿಲ್ಲ.